ನೂರು ಪೆಟ್ಟು ತಿಂದ ಕಲ್ಲು

(ಕಲ್ಯಾಣದುರ್ಗದಲ್ಲಿ ಕೂಡಿದ್ದ ತೋಟ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ, ಉಳಿತಾಯ ಸಂಘಕ್ಕೆ ಹೊಸ ಸಮಿತಿಯನ್ನು ಆರಿಸುವುದಕ್ಕೆ ಮುಂಚೆ ಮಾಡಿದ ಭಾಷಣ)

ಪ್ರೀತಿಯ ಅಣ್ಣಂದಿರೇ, ಅಕ್ಕಂದಿರೇ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಬಂದಿರುವ ತಾಯಂದಿರೇ,

ಕಾಫಿ ಕುಯ್ಲು ಮುಗಿಯಿತು. ಕೈಗೆ ಹತ್ತಿದ ಕಲೆ ಇನ್ನೂ ಹೋಗಿಲ್ಲ. ನಮ್ಮಲ್ಲಿ ಅನೇಕರ ಹುಟ್ಟೂರು ಈ ಕಡೆಯದೇ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೊಲವನ್ನು ಬಿಟ್ಟು ಘಟ್ಟ ಹತ್ತಿದವರು ನಾವು. ಆದ್ದರಿಂದ ವರ್ಷಕ್ಕೊಮ್ಮೆ ಇಲ್ಲಿ ಕೂಡುವುದು ನಮಗೆ ತೌರುಮನೆಗೆ ಬಂದಂತೆ ಆಗಿರುತ್ತದೆ.

ಊಟವಾದ ಮೇಲೆ ಉಳಿತಾಯ ಸಂಘಕ್ಕೆ ಹೊಸ ಸಮಿತಿಯನ್ನು ಆರಿಸಬೇಕಾಗಿದೆ. ಈ ಸಂಘ ಒಂದು ಸಾರಿ ಹುಟ್ಟಿ ಒಂದು ಸಾರಿ ಸತ್ತದ್ದು ನಿಮಗೆ ಗೊತ್ತು. ಅದು ಯಾಕೆ ಸತ್ತಿತು ಎಂಬುದನ್ನು ನಾವು ಯಾರೂ ಬಾಯಿಬಿಟ್ಟು ಹೇಳಿಲ್ಲ. ಈ ಹೊತ್ತು ಹೇಳಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದೇವೆ. ಆದರೆ ನೇರವಾಗಿ ನಮ್ಮ ಗಾಯಕ್ಕೆ ಕೈಯಿಟ್ಟರೆ ಎಲ್ಲರೂ ಮುಖ ತಿರುಗಿಸುತ್ತೇವೆ. ಆದ್ದರಿಂದ ಮೊದಲು ದೂರದ ಒಂದು ತಂಡದ ಮಾತನ್ನು ಹೇಳುತ್ತೇವೆ. ಅದು ಚೆಂಡಾಟದ ತಂಡ. ಸಾಹುಕಾರರ ನಾಡಾದ ಅಮೇರಿಕದ್ದು. ಅದಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವಿರಿ. ಸ್ವಲ್ಪ ತಾಳ್ಮೆಯಿಂದ ಕೇಳಿರಿ.

ಆ ಆಟದ ಹೆಸರು ಬಾಸ್ಕೆಟ್‌ಬಾಲ್. ಅಂದರೆ ಬುಟ್ಟಿಚೆಂಡು. 1891ನೆಯ ಇಸವಿಯ ಡಿಸೆಂಬರಿನಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಇದನ್ನು ಕಂಡುಹಿಡಿದರು. ಹೊರಗೆ ಹಿಮ, ಒಳಗೆ ಬೇಸರ ಹಿಡಿದ ಹುಡುಗರು. ಅವರು ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಬಡಿದು, ಚೆಂಡನ್ನು ಇದರೊಳಗೆ ಹಾಕಿರಿ ಎಂದರು. ಚೆಂಡು ಬಿದ್ದಾಗಲೆಲ್ಲ ಒಬ್ಬನು ಏಣಿ ಹತ್ತಿ ತೆಗೆಯಬೇಕಾಗಿತ್ತು. ನಮ್ಮ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವಂಥ ಬುಟ್ಟಿಯಿಂದಲೇ ಈ ಲೋಕಪ್ರಸಿದ್ಧ ಆಟ ಪ್ರಾರಂಭವಾಯಿತು.

ಈಗ ಒಂದೊಂದು ಕಡೆಗೆ ಐದೈದು ಜನ ಆಡುತ್ತಾರೆ. ಅಮೇರಿಕದಲ್ಲಿ ಇದನ್ನೇ ಕಸುಬಾಗಿ ಆಡುವ ದೊಡ್ಡ ತಂಡಗಳು 30 ಇವೆ. ಅವುಗಳ ಕೂಟಕ್ಕೆ ಎನ್.ಬಿ.ಎ. ಎಂದು ಹೆಸರು. ಅವುಗಳಲ್ಲಿ ಟೆಕ್ಸಸ್ ಸೀಮೆಯ ಸ್ಯಾನ್ ಆಂಟೋನಿಯೊ ಪಟ್ಟಣದ ತಂಡ ಒಂದು. ಅದರ ಹೆಸರು ಸ್ಪರ್ಸ್. ನ್ಯೂಯಾರ್ಕ್, ಲಾಸ್ ಏಂಜಲೀಸ್ ಮುಂದೆ ಇದು ಚಿಕ್ಕ ಊರು. ಹೀಗಿದ್ದರೂ ಈ ತಂಡ 1999, 2003, 2005, 2007, 2014, ಹೀಗೆ ಐದು ಸಾರಿ ಎಲ್ಲರನ್ನೂ ಗೆದ್ದಿತು. 1998ರಿಂದ 2019ರವರೆಗೆ 22 ವರ್ಷ ಒಂದೇ ಸಮನೆ ಕೊನೆಯ ಸುತ್ತಿನ ಪಂದ್ಯಗಳಿಗೆ ಅರ್ಹವಾಯಿತು. ಒಂದು ವರ್ಷ ಗೆಲ್ಲುವ ತಂಡಗಳು ಬೇಕಾದಷ್ಟಿವೆ. ಇಪ್ಪತ್ತೆರಡು ವರ್ಷ ಕುಸಿಯದೆ ನಿಂತದ್ದು ಹೇಗೆ ಎಂಬುದೇ ನಮ್ಮ ಪ್ರಶ್ನೆ. ಯಾಕಂದರೆ ನಮ್ಮ ಸಂಘ ಮೂರು ವರ್ಷ ನಿಲ್ಲಲಿಲ್ಲ.

ಆ ತಂಡದವರು ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಒಂದು ಬರಹವನ್ನು ತೂಗುಹಾಕಿದ್ದರು. ಅದು ಕಲ್ಲುಕುಟಿಗನ ವಿಷಯ. ಬರೆದವರು ಜೇಕಬ್ ರೀಸ್. ಡೆನ್ಮಾರ್ಕಿನಿಂದ ಬರಿಗೈಯಲ್ಲಿ ಅಮೇರಿಕಕ್ಕೆ ಹೋಗಿ, ಪತ್ರಿಕೆಯವರಾಗಿ, ನ್ಯೂಯಾರ್ಕಿನ ಬಡವರು ಕತ್ತಲೆ ಕೋಣೆಗಳಲ್ಲಿ ಹೇಗೆ ಬದುಕುತ್ತಾರೆಂದು 1890ರಲ್ಲಿ ಪುಸ್ತಕ ಬರೆದು ಲೋಕಕ್ಕೆ ತೋರಿಸಿದವರು. ಅವರು ಹೇಳಿದ ಮಾತಿನ ಸಾರ ಇಷ್ಟೇ: ಕಲ್ಲುಕುಟಿಗನು ನೂರು ಪೆಟ್ಟು ಹಾಕಿದರೂ ಬಂಡೆಯಲ್ಲಿ ಒಂದು ಗೀರೂ ಕಾಣುವುದಿಲ್ಲ, ನೂರೊಂದನೆಯ ಪೆಟ್ಟಿಗೆ ಅದು ಎರಡಾಗುತ್ತದೆ, ಆದರೆ ಒಡೆದದ್ದು ಆ ಕಡೆಯ ಪೆಟ್ಟಲ್ಲ, ಅದಕ್ಕೆ ಮುಂಚೆ ಬಿದ್ದವುಗಳೆಲ್ಲಾ ಸೇರಿ ಒಡೆದವು. ತಂಡದಲ್ಲಿ ಬೇರೆ ಬೇರೆ ದೇಶದವರು ಇದ್ದುದರಿಂದ ಈ ಬರಹವನ್ನು ಅವರವರ ಭಾಷೆಗಳಲ್ಲಿಯೂ ಬರೆಯಿಸಿ ತೂಗುಹಾಕಿದ್ದರು.

ಈ ಕಲ್ಯಾಣದುರ್ಗದ ಸುತ್ತ ಕಲ್ಲುಗುಡ್ಡಗಳೇ. ಸಮ್ಮಟಿ ಹಿಡಿದವರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ಅಮೇರಿಕದವರು ಬಂದು ಇದನ್ನು ಕಲಿಸಬೇಕಾಗಿಲ್ಲ. ಕೋಟ್ಯಂತರ ಹಣ ಪಡೆಯುವ ಆಟಗಾರರು ದಿನವೂ ಅಂಗಿ ತೊಡುವಾಗ ಒಬ್ಬ ಕಲ್ಲುಕೆಲಸದವನನ್ನು ಗುರುವೆಂದು ನೋಡುತ್ತಿದ್ದರು ಎಂಬುದನ್ನು ಮಾತ್ರ ನೆನಪಿಡಿರಿ.

ಆದರೆ ಗೋಡೆಗೆ ಬರಹ ತೂಗುಹಾಕಿದ ಮಾತ್ರಕ್ಕೆ ತಂಡ ನಿಲ್ಲುವುದಿಲ್ಲ. ನಮ್ಮ ಸಂಘದ ಗೋಡೆಯ ಮೇಲೂ ಒಳ್ಳೆಯ ಮಾತು ಇತ್ತು. ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ನೋಡೋಣ.

ಮೊದಲನೆಯದಾಗಿ, ಅಲ್ಲಿ ದೊಡ್ಡವನನ್ನೇ ಮೊದಲು ತಿದ್ದುತ್ತಿದ್ದರು.

ತಂಡದ ತರಬೇತುಗಾರರ ಹೆಸರು ಗ್ರೆಗ್ ಪೊಪೊವಿಚ್. ಇವರು ಮೊದಲು ಒಂದು ಸಣ್ಣ ಕಾಲೇಜಿನಲ್ಲಿ ಆಟ ಕಲಿಸುತ್ತಿದ್ದರು. ಹೆಂಡತಿ ಮಕ್ಕಳೊಡನೆ ವಿದ್ಯಾರ್ಥಿಗಳ ವಸತಿಗೃಹದಲ್ಲೇ ವಾಸವಾಗಿದ್ದರು. ಅಲ್ಲಿ ಮೊದಲನೆಯ ವರ್ಷ ಅವರ ತಂಡ ಗೆದ್ದದ್ದು ಎರಡು ಆಟ, ಸೋತದ್ದು ಇಪ್ಪತ್ತೆರಡು. 1996ರ ಡಿಸೆಂಬರಿನಲ್ಲಿ ಅವರು ಸ್ಪರ್ಸ್ ತಂಡದ ತರಬೇತುಗಾರರಾದರು. ಮಾರನೆಯ ವರ್ಷ ಟಿಮ್ ಡಂಕನ್ ಎಂಬ ಯುವಕ ತಂಡಕ್ಕೆ ಬಂದ.

ಈ ಡಂಕನ್ ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪದವನು. ಚಿಕ್ಕಂದಿನಲ್ಲಿ ಈಜುಗಾರನಾಗಬೇಕೆಂದಿದ್ದ. 1989ರಲ್ಲಿ ಭಯಂಕರ ಚಂಡಮಾರುತ ಬಂದು ದ್ವೀಪದ ಈಜುಕೊಳ ಹಾಳಾಯಿತು. ಮಾರನೆಯ ವರ್ಷ, ಅವನ ಹದಿನಾಲ್ಕನೆಯ ಹುಟ್ಟುಹಬ್ಬದ ಹಿಂದಿನ ದಿನ, ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆ ಹೆರಿಗೆ ಮಾಡಿಸುವ ಸೂಲಗಿತ್ತಿಯಾಗಿದ್ದಳು. ಓದು ಮುಗಿಸುತ್ತೇನೆಂದು ಅವನು ತಾಯಿಗೆ ಮಾತು ಕೊಟ್ಟಿದ್ದ. ಆದ್ದರಿಂದ ದೊಡ್ಡ ಹಣ ಕರೆಯುತ್ತಿದ್ದರೂ ಕಾಲೇಜಿನ ನಾಲ್ಕು ವರ್ಷಗಳನ್ನು ಪೂರ್ಣಮಾಡಿಯೇ ಆಟದ ಕಸುಬಿಗೆ ಬಂದ. ತಂಡದ ಐದು ಗೆಲುವಿನಲ್ಲಿಯೂ ಇದ್ದವನು ಅವನು. ಅವನಿಗಿಂತ ದೊಡ್ಡ ಆಟಗಾರ ಆ ತಂಡದಲ್ಲಿ ಹುಟ್ಟಲಿಲ್ಲ.

ತಪ್ಪಾದರೆ ಪೊಪೊವಿಚ್ ಎಲ್ಲರ ಮುಂದೆ ಗದರಿಸುತ್ತಿದ್ದದ್ದು ಈ ಡಂಕನನನ್ನೇ. ಅವನು ಎದುರು ಮಾತಾಡುತ್ತಿರಲಿಲ್ಲ. ಕೇಳಿಕೊಂಡು ತಿದ್ದಿಕೊಳ್ಳುತ್ತಿದ್ದ. ಎಲ್ಲರಿಗಿಂತ ದೊಡ್ಡವನೇ ಬುದ್ಧಿಮಾತು ಕೇಳಿದ ಮೇಲೆ, ನನಗೆ ಯಾಕೆ ಹೇಳಿದಿರಿ ಎಂದು ಕೇಳಲು ಮಿಕ್ಕವರಿಗೆ ಬಾಯಿ ಎಲ್ಲಿರುತ್ತದೆ? ನಮ್ಮಲ್ಲಿ ಹೇಗೆ? ಮೇಸ್ತ್ರಿಯ ತಮ್ಮ ತಡವಾಗಿ ಬಂದರೆ ಹಾಜರಿ ಬೀಳುತ್ತದೆ, ಕೂಲಿಯವಳು ಹತ್ತು ನಿಮಿಷ ತಡವಾದರೆ ಅರ್ಧ ದಿನ ಹೋಗುತ್ತದೆ. ಕೆಳಗಿನವನನ್ನು ತಿದ್ದಿ ಮೇಲಿನವನನ್ನು ಬಿಟ್ಟರೆ ಅಲ್ಲಿ ಭಯ ಹುಟ್ಟುತ್ತದೆ, ನಂಬಿಕೆ ಹುಟ್ಟುವುದಿಲ್ಲ.

ಎರಡನೆಯದಾಗಿ, ದೊಡ್ಡವರು ಚಿಕ್ಕವರಿಗೆ ಜಾಗ ಬಿಟ್ಟರು.

ಡಂಕನ್ ಬರುವುದಕ್ಕೆ ಮುಂಚೆ ಡೇವಿಡ್ ರಾಬಿನ್ಸನ್ ಎಂಬುವರು ಆ ತಂಡದ ಮುಖ್ಯ ಆಟಗಾರರಾಗಿದ್ದರು. ನೌಕಾಪಡೆಯಲ್ಲಿ ಸೇವೆ ಮಾಡಿ 1989ರಲ್ಲಿ ತಂಡಕ್ಕೆ ಬಂದವರು. ಊರೆಲ್ಲಾ ಅವರ ಹೆಸರೇ. ಇಂಥವರು, ನಿನ್ನೆ ಬಂದ ಹುಡುಗನು ತನಗಿಂತ ಮುಂದಾಗುತ್ತಾನೆಂದು ಕಂಡಾಗ ಹೊಟ್ಟೆಕಿಚ್ಚು ಪಡಬಹುದಾಗಿತ್ತು. ಅವರು ಪಡಲಿಲ್ಲ. ಚೆಂಡು ಮೊದಲು ಹುಡುಗನ ಕೈಗೆ ಹೋಗಲೆಂದು ತಾವು ಪಕ್ಕಕ್ಕೆ ಸರಿದರು. ಇಬ್ಬರೂ ಕೂಡಿ 1999ರಲ್ಲಿ ಮೊದಲನೆಯ ಗೆಲುವನ್ನು ತಂದರು. 2003ರಲ್ಲಿ ಎರಡನೆಯದನ್ನು ಗೆದ್ದು ರಾಬಿನ್ಸನ್ ನಿವೃತ್ತರಾದರು. ಅದಕ್ಕೆ ಮುಂಚೆಯೇ, 2001ರಲ್ಲಿ, ಆ ಪಟ್ಟಣದ ಬಡವರ ಕೇರಿಯಲ್ಲಿ ತಮ್ಮ ಹಣದಿಂದ ಮಕ್ಕಳಿಗೆ ಒಂದು ಶಾಲೆಯನ್ನು ತೆರೆದಿದ್ದರು.

ಅರ್ಜೆಂಟೀನಾ ದೇಶದ ಮಾನು ಜಿನೋಬಿಲಿಯದು ಇನ್ನೊಂದು ಬಗೆ. 1999ರಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಂಡಾಗ ಇವನ ಸರದಿ ಬಂದದ್ದು 57ನೆಯದಾಗಿ. ಅವನ ಹಿಂದೆ ಇದ್ದದ್ದು ಒಬ್ಬನೇ. ಅಂಥವನು ಮುಂದೆ ಲೋಕವೇ ಮೆಚ್ಚುವ ಆಟಗಾರನಾದ. ಆದರೂ ಅನೇಕ ವರ್ಷಗಳ ಕಾಲ ಅವನನ್ನು ಆಟದ ಪ್ರಾರಂಭದಲ್ಲಿ ಇಳಿಸದೆ ಬೆಂಚಿನ ಮೇಲೆ ಕೂರಿಸಿ, ಮಿಕ್ಕವರು ದಣಿದಾಗ ಕಳುಹಿಸುತ್ತಿದ್ದರು. ತಂಡಕ್ಕೆ ಅದರಿಂದ ಬಲ ಬರುತ್ತಿತ್ತು. ಮೊದಲ ಐವರಲ್ಲಿ ನನ್ನ ಹೆಸರು ಕೂಗದಿದ್ದರೆ ನನಗೆ ಅವಮಾನ ಎಂದು ಅವನು ಹಟ ಹಿಡಿಯಲಿಲ್ಲ. ಅವನು, ಡಂಕನ್, ಫ್ರಾನ್ಸಿನ ಟೋನಿ ಪಾರ್ಕರ್, ಈ ಮೂವರು ಒಟ್ಟಿಗೆ ಆಡಿ ಲೀಗಿನಲ್ಲಿ ಗೆದ್ದ ಆಟಗಳು 575. ಬೇರೆ ಯಾವ ಮೂವರೂ ಅಷ್ಟು ಗೆದ್ದಿರಲಿಲ್ಲ.

ಪೊಪೊವಿಚ್ ಆಟಗಾರರನ್ನು ಆರಿಸುವಾಗ ಹುಡುಕುತ್ತಿದ್ದ ಗುಣ ಒಂದು. ಕನ್ನಡದಲ್ಲಿ ಹೇಳುವುದಾದರೆ, 'ನಾನು' ಎಂಬುದನ್ನು ದಾಟಿ ಬಂದವನು ಬೇಕು. ಕೈಚಳಕವನ್ನು ಕಲಿಸಬಹುದು; ಈ ದಾಟುವಿಕೆಯನ್ನು ಕಲಿಸುವುದು ಕಷ್ಟ ಎಂಬುದು ಅವರ ಅನುಭವವಾಗಿತ್ತು.

ಮೂರನೆಯದು ಹಣದ ಮಾತು. ಇಲ್ಲಿ ಎಚ್ಚರಿಕೆಯಿಂದ ಕೇಳಬೇಕು.

ಆ ಕೂಟದಲ್ಲಿ ಒಂದು ನಿಯಮವಿದೆ. ಒಂದು ತಂಡ ತನ್ನ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಬುಟ್ಟಿ ಒಂದೇ. ಒಬ್ಬನು ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬನಿಗೆ ಉಳಿಯುವುದು ಕಡಮೆ. 2012ರಲ್ಲಿ ಡಂಕನನ ಕರಾರು ಮುಗಿಯಿತು. ಅಲ್ಲಿಯವರೆಗೆ ಅವನಿಗೆ ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಮಿಕ್ಕ ಸಂಬಳವಿತ್ತು. ಹೊಸ ಕರಾರಿನಲ್ಲಿ ಅವನು ಸುಮಾರು ಅದರ ಅರ್ಧಕ್ಕೆ ಒಪ್ಪಿದ. ಅದರಿಂದ ಒಳ್ಳೆಯ ಜೊತೆಗಾರರನ್ನು ಬಿಡದೆ ಉಳಿಸಿಕೊಳ್ಳುವುದಕ್ಕೆ ತಂಡಕ್ಕೆ ಅನುಕೂಲವಾಯಿತು. ಎರಡು ವರ್ಷಗಳ ಮೇಲೆ ಐದನೆಯ ಗೆಲುವು ಬಂತು.

ಇದನ್ನು ಕೇಳಿ ನಾಳೆ ಯಾರಾದರೂ ರೈಟರು ಬಂದು, ನೋಡಿ, ಅಷ್ಟು ದೊಡ್ಡ ಆಟಗಾರನೇ ಕಡಮೆ ತೆಗೆದುಕೊಂಡ, ನೀವೂ ಕಿಲೋ ಮೇಲೆ ಒಂದು ರೂಪಾಯಿ ಕಡಮೆ ತೆಗೆದುಕೊಳ್ಳಿ ಎಂದು ಹೇಳಬಹುದು. ಅಣ್ಣಂದಿರೇ, ಅದಕ್ಕೆ ಒಪ್ಪಬೇಡಿರಿ. ಡಂಕನ್ ಬಿಟ್ಟುಕೊಟ್ಟದ್ದು ತುಂಬಿದ ಕಣಜದಿಂದ. ನಮ್ಮ ಮಡಕೆಯ ತಳದ ಅಕ್ಕಿಯನ್ನು ಬಿಟ್ಟುಕೊಡುವುದು ತ್ಯಾಗವಲ್ಲ, ಹಸಿವು. ಅದೂ ಅಲ್ಲದೆ, ಆ ಆಟಗಾರರಿಗೂ 1954ರಿಂದ ತಮ್ಮದೇ ಯೂನಿಯನ್ ಇದೆ. 1998ರಲ್ಲಿ ಸಂಬಳದ ವಿಷಯದಲ್ಲಿ ಒಪ್ಪಂದವಾಗದೆ ಮಾಲೀಕರು ಲಾಕೌಟ್ ಮಾಡಿದರು. ಆರು ತಿಂಗಳಿಗಿಂತ ಹೆಚ್ಚು ಬಾಗಿಲು ಮುಚ್ಚಿತ್ತು. 82 ಆಟಗಳ ಬದಲು 50 ಆಟಗಳೇ ನಡೆದವು. ಸ್ಪರ್ಸ್ ತಂಡ ಮೊದಲ ಸಾರಿ ಗೆದ್ದದ್ದು ಆ ಲಾಕೌಟಿನ ವರ್ಷವೇ. ಆದ್ದರಿಂದ ನಾವು ಕಲಿಯಬೇಕಾದದ್ದು ಕೂಲಿ ಬಿಡುವುದನ್ನಲ್ಲ. ಸಂಘದಲ್ಲಿ ಹೆಚ್ಚು ಇದ್ದವನು, ಮುಂದೆ ಕೂತವನು, ತನ್ನ ಪಾಲನ್ನು ಕೊನೆಗೆ ತೆಗೆದುಕೊಳ್ಳಬೇಕು ಎಂಬುದನ್ನು ಕಲಿಯಬೇಕು.

ನಾಲ್ಕನೆಯದಾಗಿ, ಅವರು ಒಟ್ಟಿಗೆ ಊಟ ಮಾಡುತ್ತಿದ್ದರು, ಒಬ್ಬರ ಊರನ್ನು ಒಬ್ಬರು ತಿಳಿದುಕೊಳ್ಳುತ್ತಿದ್ದರು.

2014ರಲ್ಲಿ ಗೆದ್ದ ತಂಡದಲ್ಲಿ ಫ್ರಾನ್ಸ್, ಅರ್ಜೆಂಟೀನಾ, ಬ್ರೆಜಿಲ್, ಇಟಲಿ, ಆಸ್ಟ್ರೇಲಿಯ, ಕೆನಡಾ, ಇಷ್ಟು ದೇಶಗಳವರು ಇದ್ದರು. ನಮ್ಮ ಲೈನಿನ ಹಾಗೆಯೇ. ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಆಚೆ ತಮಿಳು, ಈಚೆಗೆ ಅಸ್ಸಾಮಿನಿಂದ ಬಂದವರು. ನಾವು ಅವರನ್ನು ಏನೆಂದು ಕರೆಯುತ್ತೇವೆ? ಹೆಸರು ಹಿಡಿದು ಕರೆಯುತ್ತೇವೆಯೇ?

ಆ ತಂಡದಲ್ಲಿ ಪ್ಯಾಟಿ ಮಿಲ್ಸ್ ಎಂಬ ಆಟಗಾರನಿದ್ದ. ಆಸ್ಟ್ರೇಲಿಯದ ಮೂಲನಿವಾಸಿಗಳ ಮಗ. ಅವನ ತಂದೆಯ ಕಡೆಯವರು ಟಾರಸ್ ಜಲಸಂಧಿಯ ದ್ವೀಪಗಳವರು. ಅದೇ ದ್ವೀಪಗಳ ಎಡ್ಡಿ ಮಾಬೊ ಎಂಬಾತ, ಈ ಭೂಮಿ ನಮ್ಮ ಹಿರಿಯರದು, ಬಿಳಿಯರು ಬರುವುದಕ್ಕೆ ಮುಂಚೆಯೇ ನಮ್ಮದಾಗಿತ್ತು ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದ. 1992ರ ಜೂನ್ 3ರಂದು ತೀರ್ಪು ಅವನ ಕಡೆಗೆ ಬಂತು. ಅದನ್ನು ಕೇಳುವುದಕ್ಕೆ ಅವನು ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಹೋಗಿದ್ದ. 2014ರಲ್ಲಿ ಕೊನೆಯ ಪಂದ್ಯಗಳ ಸಿದ್ಧತೆಯ ಸಮಯ. ಜೂನ್ 3 ಬಂದಾಗ ಪೊಪೊವಿಚ್ ಎಲ್ಲರನ್ನೂ ಕೂರಿಸಿ ಆಟದ ಮಾತನ್ನು ಬದಿಗಿಟ್ಟು ಈ ಮಾಬೊನ ವಿಷಯ ಹೇಳಿದರು. ಮಿಲ್ಸ್ ಕೇಳುತ್ತಾ ಕೂತಿದ್ದ. ತನ್ನ ಜನರ ಕಷ್ಟವನ್ನು, ತನ್ನ ದೊಡ್ಡವರ ಹೆಸರನ್ನು, ಎಲ್ಲೋ ಸಾವಿರಾರು ಮೈಲು ಆಚೆ ಜೊತೆಗಾರರ ಮುಂದೆ ಗೌರವದಿಂದ ಹೇಳಿದರೆ ಒಬ್ಬ ಮನುಷ್ಯನಿಗೆ ಹೇಗಾಗಬಹುದು? ಭೂಮಿ ಕಳೆದುಕೊಂಡು ಬಂದ ನಮಗೆ ಅದು ಅರ್ಥವಾಗುತ್ತದೆ.

ಸೋಲಿನ ರಾತ್ರಿಯ ಸಂಗತಿಯನ್ನೂ ಹೇಳಬೇಕು. 2013ರ ಜೂನ್ 18. ಮಯಾಮಿ ಪಟ್ಟಣದಲ್ಲಿ ಕೊನೆಯ ಪಂದ್ಯಗಳ ಆರನೆಯ ಆಟ. ಇನ್ನು 28 ಸೆಕೆಂಡು ಉಳಿದಿರುವಾಗ ಸ್ಪರ್ಸ್ ಐದು ಅಂಕ ಮುಂದಿತ್ತು. ಗೆದ್ದೆವು ಎಂದೇ ಎಲ್ಲರೂ ತಿಳಿದರು. ಆ 28 ಸೆಕೆಂಡಿನಲ್ಲಿ ಎದುರಾಳಿಗಳು ಸರಿಗಟ್ಟಿದರು. ಹೆಚ್ಚಿನ ವೇಳೆಯ ಆಟದಲ್ಲಿ ಗೆದ್ದೂಬಿಟ್ಟರು. ಸ್ಪರ್ಸ್‌ನವರು ಗೆಲುವಿನ ಊಟಕ್ಕೆಂದು ಮೊದಲೇ ಒಂದು ಹೋಟೆಲು ಗೊತ್ತುಮಾಡಿದ್ದರು. ಇಂಥ ರಾತ್ರಿ ಯಾರಿಗೆ ಊಟ ಬೇಕು? ಆದರೆ ಪೊಪೊವಿಚ್ ಎಲ್ಲರೂ ಬರಲೇಬೇಕು, ಮನೆಯವರೂ ಬರಬೇಕು ಎಂದರು. ತಾವು ಮುಂದಾಗಿ ಹೋಗಿ ಮೇಜುಗಳನ್ನು ಸರಿಪಡಿಸಿ, ಬಂದ ಒಬ್ಬೊಬ್ಬರನ್ನೂ ಬಾಗಿಲಲ್ಲಿ ಎದುರುಗೊಂಡು, ಒಬ್ಬೊಬ್ಬರ ಬಳಿಯೂ ಹೋಗಿ ಕೂತರು. ಒಳಗೆ ಅವರ ಎದೆಯೂ ಒಡೆದಿತ್ತು. ಆದರೂ ಬಡಿಸುವವರ ಸ್ಥಾನದಲ್ಲಿ ನಿಂತರು.

ಏಳನೆಯ ಆಟವನ್ನೂ ಸೋತರು. ಮುಂದಿನ ವರ್ಷದ ತರಬೇತಿ ಪ್ರಾರಂಭವಾದಾಗ ಪೊಪೊವಿಚ್ ಆ ಸೋಲಿನ ಚಿತ್ರವನ್ನೇ ಎಲ್ಲರ ಮುಂದೆ ಹಾಕಿ ತೋರಿಸಿದರು. ಮುಚ್ಚಿಡಲಿಲ್ಲ. ಮೊದಲು ಒಟ್ಟಿಗೆ ಊಟ, ಆಮೇಲೆ ಒಟ್ಟಿಗೆ ತಪ್ಪನ್ನು ನೋಡುವುದು. ಈ ಕ್ರಮವನ್ನು ಗಮನಿಸಿರಿ. ಊಟವಿಲ್ಲದೆ ತಪ್ಪನ್ನು ಮಾತ್ರ ತೋರಿಸಿದ್ದರೆ ತಂಡ ಒಡೆಯುತ್ತಿತ್ತು. ಊಟ ಹಾಕಿ ತಪ್ಪನ್ನು ಮರೆಸಿದ್ದರೆ ತಂಡ ಕೊಳೆಯುತ್ತಿತ್ತು. ಒಂದು ವರ್ಷದ ಮೇಲೆ ಅದೇ ಮಯಾಮಿ ತಂಡವನ್ನು ಒಂದಕ್ಕೆ ನಾಲ್ಕು ಆಟಗಳಿಂದ ಸೋಲಿಸಿದರು. ನಾಲ್ಕನ್ನೂ ಹದಿನೈದು ಅಥವಾ ಅದಕ್ಕೂ ಹೆಚ್ಚು ಅಂಕಗಳ ಅಂತರದಿಂದ ಗೆದ್ದರು. ಕಲ್ಲು ಒಡೆದದ್ದು ಆ ವರ್ಷ. ಪೆಟ್ಟುಗಳು ಹಿಂದಿನವು.

ಅದೇ 2014ರ ಆಗಸ್ಟಿನಲ್ಲಿ ಬೆಕಿ ಹ್ಯಾಮನ್ ಎಂಬಾಕೆಯನ್ನು ಸಂಬಳದ ಮೇಲೆ ಪೂರ್ಣಾವಧಿಯ ಸಹಾಯಕ ತರಬೇತುಗಾರಳಾಗಿ ನೇಮಿಸಿಕೊಂಡರು. ಆ ದೊಡ್ಡ ಕೂಟದಲ್ಲಿ ಹೆಣ್ಣೊಬ್ಬಳಿಗೆ ಇಂಥ ಕೆಲಸ ಕೊಟ್ಟದ್ದು ಅದೇ ಮೊದಲು. ಅಕ್ಕಂದಿರೇ, ಇದನ್ನು ಒಂದು ಕಡೆ ಇಟ್ಟುಕೊಳ್ಳಿರಿ. ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ಎಲ್ಲವೂ ಸುಖವಾಗಿಯೇ ನಡೆಯಿತೆಂದು ನಾವು ಹೇಳುವುದಿಲ್ಲ. ಕವಾಯ್ ಲೆನಾರ್ಡ್ ಎಂಬ ಯುವಕ 2014ರ ಕೊನೆಯ ಪಂದ್ಯಗಳಲ್ಲಿ ಎಲ್ಲರಿಗಿಂತ ಉತ್ತಮ ಆಟಗಾರನೆನಿಸಿಕೊಂಡಿದ್ದ. ಮುಂದೆ ಅವನ ಕಾಲಿನ ನೋವಿನ ವಿಷಯದಲ್ಲಿ ಅವನಿಗೂ ತಂಡಕ್ಕೂ ಮಾತು ಕೆಟ್ಟಿತು. 2018ರಲ್ಲಿ ಅವನು ಬೇರೆ ತಂಡಕ್ಕೆ ಹೋದ. ಕೆಲಸಗಾರನ ಮೈನೋವು ಎಷ್ಟೆಂದು ಹೇಳಬೇಕಾದವರು ಯಾರು, ಕೆಲಸಗಾರನೋ ಧಣಿಯ ಡಾಕ್ಟರೋ ಎಂಬ ಜಗಳ ನಮಗೂ ಹೊಸದಲ್ಲ. ಅಷ್ಟು ಒಳ್ಳೆಯ ತಂಡದಲ್ಲಿಯೂ ಅದು ಬಗೆಹರಿಯಲಿಲ್ಲ. 2020ರಿಂದ ಹಲವು ವರ್ಷ ಆ ತಂಡ ಕೊನೆಯ ಸುತ್ತನ್ನು ಕಾಣಲಿಲ್ಲ. 2024ರ ನವೆಂಬರಿನಲ್ಲಿ ಪೊಪೊವಿಚ್‌ಗೆ ಪಾರ್ಶ್ವವಾಯು ತಗಲಿತು. 2025ರ ಮೇ ತಿಂಗಳಲ್ಲಿ ಅವರು ತರಬೇತುಗಾರನ ಸ್ಥಾನವನ್ನು ಬಿಟ್ಟು, ಜೊತೆಯಲ್ಲಿದ್ದ ಮಿಚ್ ಜಾನ್ಸನ್‌ಗೆ ಅದನ್ನು ಒಪ್ಪಿಸಿದರು. ಅಷ್ಟರಲ್ಲಿ ಅವರು ಗೆದ್ದ ಲೀಗ್ ಆಟಗಳು 1,390. ಆ ಕೂಟದಲ್ಲಿ ಅಷ್ಟು ಗೆದ್ದ ತರಬೇತುಗಾರ ಬೇರೊಬ್ಬರಿರಲಿಲ್ಲ.

ಇದು ಅಮೇರಿಕದ ಮಾತು, ನಮ್ಮ ಬಿಸಿಲಿಗೆ ಒಗ್ಗುವುದಿಲ್ಲ ಎಂದು ಯಾರಾದರೂ ಅಂದರೆ, ಈ ಜಿಲ್ಲೆಯನ್ನೇ ನೋಡಿರಿ. ಸ್ಪೇನ್ ದೇಶದ ವಿನ್ಸೆಂಟ್ ಫೆರರ್ 1952ರಲ್ಲಿ ಜೆಸ್ಯೂಟ್ ಸಭೆಯವರಾಗಿ ನಮ್ಮ ದೇಶಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರಿಗೆ ಬಾವಿ ತೋಡುವುದಕ್ಕೆ ನೆರವಾದರು. ಅಲ್ಲಿನ ಪ್ರಬಲರಿಗೆ ಇದು ಹಿಡಿಸಲಿಲ್ಲ. 1968ರಲ್ಲಿ ದೇಶವನ್ನೇ ಬಿಡಬೇಕಾಯಿತು. 1969ರಲ್ಲಿ ಮತ್ತೆ ಬಂದು, ಮಳೆ ಬೀಳದ ಈ ಅನಂತಪುರದಲ್ಲಿ ನೆಲೆಸಿ, ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಪ್ರಾರಂಭಿಸಿದರು. ಆರ್.ಡಿ.ಟಿ. ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ಈ ಕಲ್ಯಾಣದುರ್ಗದಲ್ಲಿ ಅವರು ಕಟ್ಟಿಸಿದ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರು ಈ ಸಭೆಯಲ್ಲಿಯೂ ಇರಬಹುದು. 2009ರಲ್ಲಿ ಅವರು ತೀರಿಕೊಂಡಾಗ ಇನ್ನು ಎಲ್ಲವೂ ಮುಗಿಯಿತೆಂದು ಹೆದರಿದವರಿದ್ದರು. ಮುಗಿಯಲಿಲ್ಲ. ಅವರ ಪತ್ನಿ ಆನ್ ಫೆರರ್, ಮಗ ಮೊಂಚೊ, ಇಲ್ಲಿಯ ಹಳ್ಳಿಗಳಿಂದಲೇ ಬಂದ ಕೆಲಸಗಾರರು ಭಾರ ಹೊತ್ತರು.

ಅನಂತಪುರದಲ್ಲಿ ಅವರದೇ ಆಟದ ಮೈದಾನಗಳಿವೆ. ಬಡವರ ಮಕ್ಕಳು ಅಲ್ಲಿ ಓಡಿ ಆಡಿ ಕಲಿತರು. 2010ರಲ್ಲಿ ಟೆನಿಸ್ ಆಟದ ರಫೆಲ್ ನಡಾಲ್ ತಮ್ಮ ಸಂಸ್ಥೆಯ ಮೂಲಕ ಅಲ್ಲಿ ಮಕ್ಕಳಿಗೆ ಟೆನಿಸ್ ಶಾಲೆ ತೆರೆದರು. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಕ್ರಿಕೆಟ್ ಆಡಲು ದೇಶದ ದೊಡ್ಡ ಆಟಗಾರರು ಆ ಮೈದಾನಕ್ಕೆ ಬಂದರು. ಕಡಲೆಕಾಯಿಯೂ ಒಣಗುವ ನೆಲದಲ್ಲಿ ಆ ಹುಲ್ಲು ಒಂದು ದಿನದಲ್ಲಿ ಹಸಿರಾಗಲಿಲ್ಲ. ಒಬ್ಬರು ಬದುಕಿರುವವರೆಗೆ ಮಾತ್ರ ನಡೆಯುವುದು ಅವರ ಕೆಲಸ. ಅವರು ಹೋದ ಮೇಲೂ ನಡೆಯುವುದೇ ಸಂಘ.

ಈಗ ನಮ್ಮ ಮಾತಿಗೆ ಬರುತ್ತೇವೆ.

ನಮ್ಮ ಉಳಿತಾಯ ಸಂಘ ಹುಟ್ಟಿದಾಗ ಬಟವಾಡೆಯ ಸಾಯಂಕಾಲ ಒಂದೊಂದು ಮನೆಯವರೂ ಹತ್ತು ರೂಪಾಯಿ ತಂದು ಡಬ್ಬಕ್ಕೆ ಹಾಕುತ್ತಿದ್ದರು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಸ್ಪತ್ರೆಗೆಂದು, ಮಕ್ಕಳ ಶಾಲೆಗೆಂದು ಸಾಲ ಸಿಕ್ಕಿತು. ಸೇಟುವಿನ ಅಂಗಡಿಯಲ್ಲಿ ಕಿವಿಯೋಲೆ ಅಡವಿಡುವುದು ತಪ್ಪಿತು. ಮೂರನೆಯ ವರ್ಷ ಸಮಿತಿಯಲ್ಲಿದ್ದ ನಮ್ಮಲ್ಲಿಯೇ ಒಬ್ಬರು ಮನೆಯ ಮದುವೆಗೆಂದು ಸರದಿ ತಪ್ಪಿಸಿ ದೊಡ್ಡ ಸಾಲ ಎತ್ತಿದರು. ಕಂತು ಕಟ್ಟಲಿಲ್ಲ. ನಾವು ಮಿಕ್ಕವರು ಕೇಳಲಿಲ್ಲ. ದೊಡ್ಡವರು, ಕೊಡುತ್ತಾರೆ ಬಿಡು ಎಂದೆವು. ಅದೇ ತಿಂಗಳು ಗಂಡನಿಲ್ಲದ ಒಬ್ಬ ತಾಯಿ ಜ್ವರದಿಂದ ಮಲಗಿ ಎರಡು ವಾರದ ಹಣ ಕಟ್ಟಲಿಲ್ಲ. ಆಕೆಯ ಹೆಸರನ್ನು ಸಭೆಯಲ್ಲಿ ಎದ್ದುನಿಂತು ಗಟ್ಟಿಯಾಗಿ ಓದಿದೆವು. ಓದಿದ್ದು ಇಪ್ಪತ್ತು ರೂಪಾಯಿಗೆ.

ಆಕೆ ಏನೂ ಅನ್ನಲಿಲ್ಲ. ಸೆರಗಿನ ಗಂಟು ಬಿಚ್ಚಿ ಇದ್ದ ಚಿಲ್ಲರೆಯನ್ನು ಮೇಜಿನ ಮೇಲೆ ಇಟ್ಟು ಹೊರಟುಹೋದಳು. ಮಾರನೆಯ ವಾರ ಹನ್ನೊಂದು ಮನೆಯವರು ಬರಲಿಲ್ಲ. ಆ ಮೇಲಿನ ವಾರ ಡಬ್ಬ ಬರಿದಾಗಿಯೇ ಇತ್ತು. ಹಣದಲ್ಲಿ ಮೋಸವಾಗಲಿಲ್ಲ, ಕಡೆಗೆ ಎಲ್ಲರ ಹಣವೂ ಎಲ್ಲರಿಗೂ ಸಂದಾಯವಾಯಿತು. ಆದರೆ ಸಂಘ ಸತ್ತಿತು. ಜನರಲ್ಲಿ ಒಗ್ಗಟ್ಟಿಲ್ಲ, ಹೆಂಗಸರ ಜಗಳದಿಂದ ಹಾಳಾಯಿತು ಎಂದು ನಾವು ಹೇಳಿಕೊಂಡು ತಿರುಗಿದೆವು. ಅದು ಸುಳ್ಳು. ಆ ಹೊತ್ತಿನಲ್ಲಿ ಮೇಜಿನ ಹಿಂದೆ ಕೂತಿದ್ದವರು ನಾವು. ದೊಡ್ಡವರನ್ನು ತಿದ್ದದೆ ಬಿಟ್ಟು, ಇಲ್ಲದವಳನ್ನು ಎಲ್ಲರ ಮುಂದೆ ನಿಲ್ಲಿಸಿದವರು ನಾವು. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ. ಆಕೆ ಕಾಫಿ ಕೊಟ್ಟಳು. ಇವತ್ತು ಈ ಸಭೆಗೂ ಬಂದಿದ್ದಾಳೆ. ನಿಮ್ಮೆಲ್ಲರ ಮುಂದೆ ಇನ್ನೊಂದು ಸಾರಿ ಕೇಳುತ್ತೇವೆ, ಯಾಕಂದರೆ ಅವಮಾನ ಮಾಡಿದ್ದು ಎಲ್ಲರ ಮುಂದೆ.

ಇನ್ನು ಹೊಸ ಸಮಿತಿಯ ಬಗ್ಗೆ ನಮ್ಮ ಬಿನ್ನಹ ಮೂರು. ಹಿಂದಿನ ಸಮಿತಿಯಲ್ಲಿದ್ದ ನಾವು ಯಾರೂ ಈ ಸಾರಿ ಮೇಜಿನ ಹಿಂದೆ ಕೂರುವುದಿಲ್ಲ. ಆ ಆಟಗಾರನ ಹಾಗೆ ಬೆಂಚಿನ ಮೇಲೆ ಇರುತ್ತ, ಕರೆದಾಗ ಎದ್ದುಬರುತ್ತೇವೆ, ಲೆಕ್ಕ ಬರೆಯಬೇಕೆಂದರೆ ಬರೆದುಕೊಡುತ್ತೇವೆ. ಎರಡನೆಯದು, ಪ್ರತಿ ಸಭೆಯಲ್ಲಿ ಸಾಲದ ಪಟ್ಟಿ ಓದುವಾಗ ಮೊದಲು ಸಮಿತಿಯವರ ಹೆಸರನ್ನೇ ಓದಬೇಕು. ಅವರ ಬಾಕಿ ತೀರಿದ ಮೇಲೆ ಮಿಕ್ಕವರ ಮಾತು. ಬಾಕಿಯಾದವರು ಬಡವರಾಗಿದ್ದರೆ ಹೆಸರು ಓದುವ ಮುಂಚೆ ಒಬ್ಬರು ಅವರ ಮನೆಗೆ ಹೋಗಿ ಒಲೆ ಹತ್ತಿದೆಯೋ ಇಲ್ಲವೋ ನೋಡಿಕೊಂಡು ಬರಬೇಕು. ಮೂರನೆಯದು, ಡಬ್ಬಕ್ಕೆ ಹಣ ಕೂಡಿಸಿ ತಂದವರು ನಮ್ಮ ಅಕ್ಕಂದಿರು. ಲೆಕ್ಕವನ್ನು ಮಾತ್ರ ನಾವು ಗಂಡಸರು ಹಿಡಿದುಕೊಂಡಿದ್ದೆವು. ಈ ಸಾರಿ ಬೀಗದ ಕೈ ಅವರ ಸೊಂಟದಲ್ಲಿರಲಿ.

ಇಷ್ಟು ಮಾಡಿದರೆ ಸಂಘ ಖಂಡಿತ ನಿಲ್ಲುತ್ತದೆಂದು ನಾವು ಪ್ರಮಾಣಮಾಡಲಾರೆವು. ಬಂಡೆ ದೊಡ್ಡದು. ಸಾಲ, ಕುಡಿತ, ಮಳೆ, ಮೇಸ್ತ್ರಿಯ ಕೋಪ ಎಲ್ಲವೂ ಅದರಲ್ಲಿವೆ. ಮುಂದಿನ ಬಟವಾಡೆಯ ದಿನ ಹತ್ತು ರೂಪಾಯಿ ಹಾಕುವಾಗ ಗೀರೂ ಕಾಣುವುದಿಲ್ಲ. ಅದರ ಮುಂದಿನ ವಾರವೂ ಕಾಣುವುದಿಲ್ಲ. ಹಾಕುತ್ತ ಇರೋಣ.

ಅಡಿಗೆಯವರು ಕೈಸನ್ನೆ ಮಾಡುತ್ತಿದ್ದಾರೆ, ಮುದ್ದೆ ಆರುತ್ತದೆ. ಮೊದಲು ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಇವತ್ತು ಬಡಿಸುವವರು ಹಳೆಯ ಸಮಿತಿಯವರು. ಆಮೇಲೆ ಆರಿಸಿರಿ.